ಎಣ್ಣೆ-ನೀರಿನ ಎಮಲ್ಷನ್: ಒಡೆಯುವ ಬಗೆ ಹಾಗೂ ಉದ್ದಿಮೆಗೆ ಅದರ ಲೆಕ್ಕ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಗೋಕುಲ ರಸ್ತೆ, ತಾರಿಹಾಳ, ರಾಯಾಪುರ ಹಾಗೂ ಬೇಲೂರು ಕೈಗಾರಿಕಾ ಪ್ರದೇಶಗಳ ಯಂತ್ರಾಗಾರಗಳಲ್ಲಿ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳು ಲೋಹವನ್ನು ಕತ್ತರಿಸುವಾಗ ಹಾಲಿನಂಥ ಬಿಳಿಯ ದ್ರವವೊಂದು ಸತತವಾಗಿ ಸುರಿಯುತ್ತಿರುತ್ತದೆ. ಕಾರ್ಮಿಕರು ಇದನ್ನು ಕೂಲಂಟ್ ಎನ್ನುತ್ತಾರೆ. ವಾಲ್ವ್, ಪಂಪು ಮತ್ತು ವಾಹನಗಳ ಬಿಡಿಭಾಗಗಳನ್ನು ತಯಾರಿಸುವ ಈ ಭಾಗದ ಸಣ್ಣ ಉದ್ದಿಮೆಗಳಿಗೆ ಇದು ನಿತ್ಯದ ಸಾಮಗ್ರಿ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲ; ಹತ್ತಿ ಬಟ್ಟೆ, ಗ್ರೀಸ್, ಪೊರಕೆಗಳೊಡನೆ ‘ಬಳಕೆಯ ಸಾಮಗ್ರಿ’ ಎಂಬ ಒಂದೇ ತಲೆಬರಹದಡಿ ಸೇರಿಹೋಗುತ್ತದೆ. ಹೀಗಾಗಿ ಈ ದ್ರವ ಅಕಾಲದಲ್ಲಿ ಕೆಟ್ಟು ಎಣ್ಣೆ ಬೇರೆ, ನೀರು ಬೇರೆಯಾದಾಗ ಆಗುವ ನಷ್ಟವೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಒಡೆತ ಆಕಸ್ಮಿಕವಲ್ಲ. ಅದಕ್ಕೆ ಹಂತಗಳಿವೆ, ಕಾರಣಗಳಿವೆ. ಕೆಲವು ಹಂತಗಳಿಂದ ಹಿಂತಿರುಗಬಹುದು, ಕೆಲವುಗಳಿಂದ ಹಿಂತಿರುಗಲಾಗದು. ಈ ವ್ಯತ್ಯಾಸವನ್ನು ಅರಿತ ಉದ್ದಿಮೆದಾರನು ಹಣವನ್ನೂ ಉಳಿಸಬಲ್ಲನು, ಕಾನೂನಿನ ತೊಡಕಿನಿಂದಲೂ ದೂರವಿರಬಲ್ಲನು.

ಎಮಲ್ಷನ್ ಎಂದರೇನು?

ಒಂದರಲ್ಲೊಂದು ಕರಗದ ಎರಡು ದ್ರವಗಳಲ್ಲಿ ಒಂದು ಅತಿ ಸಣ್ಣ ಹನಿಗಳಾಗಿ ಇನ್ನೊಂದರಲ್ಲಿ ಹರಡಿಕೊಂಡಿದ್ದರೆ ಅದು ಎಮಲ್ಷನ್. ಇದರಲ್ಲಿ ಎರಡು ಜಾತಿ. ನೀರಿನಲ್ಲಿ ಎಣ್ಣೆಯ ಹನಿಗಳು ಹರಡಿರುವುದು ಒಂದು. ಹಾಲು, ಕೂಲಂಟ್ ಮತ್ತು ರಸ್ತೆಗೆ ಬಳಸುವ ಡಾಂಬರಿನ ಎಮಲ್ಷನ್ ಈ ಜಾತಿಯವು. ಎಣ್ಣೆಯಲ್ಲಿ ನೀರಿನ ಹನಿಗಳು ಹರಡಿರುವುದು ಇನ್ನೊಂದು. ಬೆಣ್ಣೆ ಇದಕ್ಕೆ ಮನೆಮನೆಯ ಉದಾಹರಣೆ.

ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲ. ಅವೆರಡೂ ಸಂಧಿಸುವ ಮೇಲ್ಮೈ ಎಷ್ಟು ಕಡಿಮೆಯಾದರೆ ಅಷ್ಟು ನೆಮ್ಮದಿ. ಎಮಲ್ಷನ್ನಿನಲ್ಲಿ ಆಗುವುದು ಇದರ ವಿರುದ್ಧ. ಒಂದು ಲೀಟರ್ ಎಣ್ಣೆಯನ್ನು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ವ್ಯಾಸದ ಹನಿಗಳಾಗಿ ಒಡೆದರೆ ಆ ಹನಿಗಳ ಒಟ್ಟು ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ಅಂದರೆ ಸುಮಾರು ಒಂದೂವರೆ ಎಕರೆ. ಒಂದು ಲೀಟರ್ ಎಣ್ಣೆಯಲ್ಲಿ ಒಂದೂವರೆ ಎಕರೆಯಷ್ಟು ಗಡಿಯನ್ನು ಕಾಯುವುದು ಸುಲಭವಲ್ಲ. ಅವಕಾಶ ಸಿಕ್ಕೊಡನೆ ಹನಿಗಳು ಒಂದಾಗಿ ಈ ಗಡಿಯನ್ನು ಕಿರಿದು ಮಾಡಿಕೊಳ್ಳಲು ಹವಣಿಸುತ್ತವೆ. ಆದುದರಿಂದ ಸಾಮಾನ್ಯ ಎಮಲ್ಷನ್ ಯಾವುದೂ ಶಾಶ್ವತವಲ್ಲ. ಅದರ ಆಯುಷ್ಯವನ್ನು ಹೆಚ್ಚಿಸಬಹುದು, ಅಷ್ಟೆ.

ಆಯುಷ್ಯ ಹೆಚ್ಚಿಸುವ ಕೆಲಸ ಎಮಲ್ಸಿಫೈಯರ್ ಎಂಬ ಪದಾರ್ಥದ್ದು. ಸಾಬೂನಿನಂತೆ ಇದರ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಬಯಸುತ್ತದೆ. ಇಂಥ ಅಣುಗಳು ಹನಿಯ ಸುತ್ತ ಒತ್ತೊತ್ತಾಗಿ ನಿಂತು ತೆಳುವಾದ ಪೊರೆಯನ್ನು ಕಟ್ಟುತ್ತವೆ. ಅನೇಕ ಎಮಲ್ಷನ್‌ಗಳಲ್ಲಿ ಈ ಪೊರೆಗೆ ವಿದ್ಯುದಂಶವೂ ಇರುತ್ತದೆ. ಎಲ್ಲ ಹನಿಗಳ ಮೇಲೂ ಒಂದೇ ಬಗೆಯ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಹಾಲಿನಲ್ಲಿ ಈ ಕಾವಲನ್ನು ಕೊಬ್ಬಿನ ಹನಿಯ ಸುತ್ತಲಿನ ಸಹಜ ಪೊರೆ ನಿರ್ವಹಿಸುತ್ತದೆ.

ಕೆಡುವ ಹಂತಗಳು

ಮೊದಲನೆಯದು ಕೆನೆಗಟ್ಟುವುದು. ಎಣ್ಣೆ ನೀರಿಗಿಂತ ಹಗುರವಾದುದರಿಂದ ಹನಿಗಳು ನಿಧಾನವಾಗಿ ಮೇಲೇರುತ್ತವೆ. 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಪ್ರಕಟಿಸಿದ ನಿಯಮದಂತೆ ಈ ವೇಗವು ಹನಿಯ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಹತ್ತು ಪಟ್ಟಾದರೆ ವೇಗ ನೂರು ಪಟ್ಟಾಗುತ್ತದೆ. ಹಾಲಿನ ಕೊಬ್ಬಿನ ಹನಿಗಳು ಸರಾಸರಿ 3ರಿಂದ 5 ಮೈಕ್ರಾನ್ ಇರುವುದರಿಂದಲೇ ಕೆಲವು ತಾಸುಗಳಲ್ಲಿ ಕೆನೆ ಮೇಲೆ ಕಟ್ಟುತ್ತದೆ. ಹೋಮೋಜಿನೈಸರ್ ಯಂತ್ರ ಹಾಲನ್ನು ಅಧಿಕ ಒತ್ತಡದಲ್ಲಿ ಕಿರಿದಾದ ಸಂದಿನ ಮೂಲಕ ನುಗ್ಗಿಸಿ ಹನಿಗಳನ್ನು ಒಂದು ಮೈಕ್ರಾನಿಗಿಂತ ಕಿರಿದು ಮಾಡುತ್ತದೆ. ಅಂಥ ಹಾಲಿನಲ್ಲಿ ಕೆನೆ ಸುಲಭವಾಗಿ ಕಟ್ಟದು. ಫ್ರಾನ್ಸಿನ ಗೋಲೆನ್ ಈ ಯಂತ್ರಕ್ಕೆ 1899ರಲ್ಲಿ ಪೇಟೆಂಟ್ ಪಡೆದನು.

ಎರಡನೆಯದು ಗುಂಪುಗೂಡುವುದು. ಹನಿಗಳು ದ್ರಾಕ್ಷಿಯ ಗೊಂಚಲಿನಂತೆ ಅಂಟಿಕೊಳ್ಳುತ್ತವೆ; ಆದರೆ ಪ್ರತಿ ಹನಿಯ ಪೊರೆ ಇನ್ನೂ ಉಳಿದಿರುತ್ತದೆ. ನೀರಿನಲ್ಲಿ ಲವಣ ಹೆಚ್ಚಾದರೆ ಹನಿಗಳ ನಡುವಿನ ವಿದ್ಯುತ್ ವಿಕರ್ಷಣೆ ಕುಗ್ಗಿ ಹೀಗಾಗುತ್ತದೆ. ಗೊಂಚಲು ದೊಡ್ಡ ಹನಿಯಂತೆಯೇ ವರ್ತಿಸುವುದರಿಂದ ಕೆನೆಗಟ್ಟುವಿಕೆಯೂ ತೀವ್ರಗೊಳ್ಳುತ್ತದೆ.

ಮೂರನೆಯದು ಬೆರೆತು ಒಂದಾಗುವುದು. ಎರಡು ಹನಿಗಳ ನಡುವಿನ ನೀರಿನ ತೆಳುಪದರ ಸೋರಿಹೋಗಿ ಪೊರೆ ಹರಿಯುತ್ತದೆ. ಎರಡೂ ಕೂಡಿ ಒಂದೇ ದೊಡ್ಡ ಹನಿಯಾಗುತ್ತದೆ. ಇದು ಮುಂದುವರಿದಂತೆ ಕೊನೆಗೆ ಮೇಲೆ ತಿಳಿ ಎಣ್ಣೆಯ ಪದರ ನಿಲ್ಲುತ್ತದೆ. ಇದೇ ನಿಜವಾದ ಒಡೆತ.

ಇವಲ್ಲದೆ ಇನ್ನೆರಡು ದಾರಿಗಳುಂಟು. ನೀರಿನಲ್ಲಿ ಅಲ್ಪಸ್ವಲ್ಪ ಕರಗುವ ಎಣ್ಣೆಯಾದರೆ ಸಣ್ಣ ಹನಿಗಳು ಕರಗುತ್ತಾ ದೊಡ್ಡ ಹನಿಗಳು ಬೆಳೆಯುತ್ತವೆ. ಇದನ್ನು ಆಸ್ಟ್‌ವಾಲ್ಡ್ ಬೆಳವಣಿಗೆ ಎನ್ನುತ್ತಾರೆ. ಶೇಂಗಾ, ಕುಸುಬೆ ಮೊದಲಾದ ಖಾದ್ಯತೈಲಗಳಲ್ಲಿ ಇದು ನಗಣ್ಯ; ಪಾನೀಯಗಳಿಗೆ ಬಳಸುವ ಸುಗಂಧ ತೈಲಗಳಲ್ಲಿ ಮುಖ್ಯ. ಇನ್ನೊಂದು ದಾರಿ ಜಾತಿ ಬದಲಾಗುವುದು: ನೀರಿನಲ್ಲಿ ಎಣ್ಣೆಯಿದ್ದುದು ಎಣ್ಣೆಯಲ್ಲಿ ನೀರಾಗಿ ತಿರುಗುತ್ತದೆ.

ಸಂಶಯಾಸ್ಪದ ಬಾಕಿ ಹಾಗೂ ಮುಳುಗಿದ ಬಾಕಿ

ವ್ಯಾಪಾರಿಗೆ ಈ ಹಂತಗಳ ಅಂತರವನ್ನು ಲೆಕ್ಕದ ಭಾಷೆಯಲ್ಲಿಯೇ ಹೇಳಬಹುದು. ಕೆನೆಗಟ್ಟುವುದು ಸಂಶಯಾಸ್ಪದ ಬಾಕಿಯಂತೆ. ಗ್ರಾಹಕ ಊರಿನಲ್ಲಿಯೇ ಇದ್ದಾನೆ. ಒತ್ತಾಯಿಸಿದರೆ ಹಣ ಬರಬಹುದು. ಕೆನೆಗಟ್ಟಿದ ಎಮಲ್ಷನ್ ಕೂಡ ಮೆಲ್ಲಗೆ ಕಲಕಿದರೆ ಮೊದಲಿನಂತಾಗುತ್ತದೆ, ಏಕೆಂದರೆ ಹನಿಗಳ ಪೊರೆ ಹಾಳಾಗಿಲ್ಲ. ಗುಂಪುಗೂಡಿದ ಸ್ಥಿತಿಯೂ ಬಹುತೇಕ ಇಂಥದೇ. ಕಾರಣವನ್ನು ನಿವಾರಿಸಿದರೆ ಅನೇಕ ವೇಳೆ ಸರಿಹೋಗುತ್ತದೆ.

ಆದರೆ ಹನಿಗಳು ಬೆರೆತು ಒಂದಾದ ಮೇಲೆ ಅದು ಮುಳುಗಿದ ಬಾಕಿ. ತಿಳಿ ಎಣ್ಣೆಯನ್ನು ಕೋಲಿನಿಂದ ಎಷ್ಟು ಕಲಕಿದರೂ ಕ್ಷಣಕಾಲ ಬಿಳಿಯಾಗಿ ಕಂಡು ಮತ್ತೆ ಬೇರ್ಪಡುತ್ತದೆ. ಅದಕ್ಕೆ ಇನ್ನಷ್ಟು ಸಾಂದ್ರ ಎಣ್ಣೆಯನ್ನು ಸುರಿಯುವುದು ಮುಳುಗಿದ ಗಿರಾಕಿಗೆ ಮತ್ತೆ ಉದ್ರಿ ಕೊಟ್ಟಂತೆ. ಯಾವ ಹಂತದಲ್ಲಿದೆ ಎಂಬುದನ್ನು ನೋಡದೆ ಕೆನೆ ಕಂಡೊಡನೆ ಎಲ್ಲವನ್ನೂ ಚೆಲ್ಲುವುದೂ ನಷ್ಟ, ಒಡೆದುದನ್ನು ಬಳಸುತ್ತಲೇ ಇರುವುದೂ ನಷ್ಟ.

ಅವಳಿ ನಗರದ ನೀರು

ಕೂಲಂಟಿನಲ್ಲಿ ಸಾಮಾನ್ಯವಾಗಿ ಶೇ. 5ರಷ್ಟು ಸಾಂದ್ರ ಎಣ್ಣೆಯಿದ್ದರೆ ಶೇ. 95 ನೀರು. ಆದರೂ ಎಣ್ಣೆಯ ಬ್ರ್ಯಾಂಡಿನ ಬಗ್ಗೆ ನಡೆಯುವ ಚರ್ಚೆಯ ಅರ್ಧದಷ್ಟೂ ನೀರಿನ ಬಗ್ಗೆ ನಡೆಯುವುದಿಲ್ಲ. ಅವಳಿ ನಗರಕ್ಕೆ ಸವದತ್ತಿ ಬಳಿಯ ಮಲಪ್ರಭಾ ನದಿಯ ರೇಣುಕಾಸಾಗರದಿಂದಲೂ ನೀರಸಾಗರ ಕೆರೆಯಿಂದಲೂ ನೀರು ಬರುತ್ತದೆ. ಆದರೆ ಯಂತ್ರಾಗಾರಗಳು ಹಲವೆಡೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ನೆಚ್ಚಿವೆ. ಪಾತ್ರೆಯ ತಳದಲ್ಲಿ ಬಿಳಿಯ ಪದರ ಬಿಡುವ, ಸಾಬೂನಿಗೆ ನೊರೆ ಬರಿಸದ ನೀರು ಗಡಸು ನೀರು. ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನ ಮಾದರಿಯ ಎಮಲ್ಸಿಫೈಯರ್‌ನೊಡನೆ ಕೂಡಿ ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ತೊಟ್ಟಿಯ ಮೇಲೆ ತೇಲುವ ಬೂದುಬಣ್ಣದ ಜಿಗುಟು ಪದರ ಬಹುಮಟ್ಟಿಗೆ ಇದೇ. ಹನಿಯನ್ನು ಕಾಯಬೇಕಾದ ಕಾವಲುಗಾರನೇ ಹೀಗೆ ಕೆಲಸ ಬಿಟ್ಟು ಹೋಗುತ್ತಾನೆ.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರುವುದು ಅಪೇಕ್ಷಿತ. ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೂ ಸಮ್ಮತ. ಕುಡಿಯಲು ಬರುವ ನೀರೆಲ್ಲ ಕೂಲಂಟಿಗೆ ಬರುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಅದಕ್ಕಿಂತಲೂ ಗಮನಾರ್ಹ ಸಂಗತಿ ಇನ್ನೊಂದಿದೆ. 200 ಲೀಟರಿನ ತೊಟ್ಟಿಯಿಂದ ದಿನಕ್ಕೆ 10 ಲೀಟರ್ ನೀರು ಆವಿಯಾಗುತ್ತದೆಂದು ಇಟ್ಟುಕೊಳ್ಳೋಣ. ಆವಿಯಾಗುವುದು ನೀರು ಮಾತ್ರ, ಲವಣವಲ್ಲ. ಪ್ರತಿದಿನ 200 ಮಿಲಿಗ್ರಾಂ ಗಡಸುತನದ ನೀರನ್ನೇ ಮತ್ತೆ ತುಂಬಿದರೆ 20 ಕೆಲಸದ ದಿನಗಳಲ್ಲಿ ತೊಟ್ಟಿಯ ಗಡಸುತನ ಸುಮಾರು 400ಕ್ಕೆ ಏರುತ್ತದೆ. ಮೊದಲ ದಿನ ಚೆನ್ನಾಗಿದ್ದ ಕೂಲಂಟ್ ತಿಂಗಳೊಳಗೆ ಏಕೆ ಒಡೆಯಿತು ಎಂಬ ಪ್ರಶ್ನೆಗೆ ಉತ್ತರ ಅನೇಕ ವೇಳೆ ಇದೇ ಆಗಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಏರಿದಂತೆ ಆವಿಯೂ ಏರುತ್ತದೆ; ಕೇಡೂ ಬೇಗ ಬರುತ್ತದೆ.

ಉಪಾಯ ದುಬಾರಿಯಲ್ಲ. ದಿನದ ಭರ್ತಿಗೆ ಆರ್‌ಓ ಘಟಕದ ನೀರನ್ನಾಗಲಿ ಮಳೆಯ ನೀರನ್ನಾಗಲಿ ಬಳಸುವುದು ಒಳಿತು. ಸಾಫ್ಟನರ್ ಯಂತ್ರ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆಯೇ ಹೊರತು ಒಟ್ಟು ಲವಣವನ್ನು ತಗ್ಗಿಸುವುದಿಲ್ಲ. ಬೀಡುಕಬ್ಬಿಣದ ಬಿಡಿಭಾಗಗಳಿಗೆ ತುಕ್ಕಿನ ಭಯ ಉಳಿದೇ ಇರುತ್ತದೆ. ಮಳೆಯ ನೀರಾದರೋ ಸಹಜವಾಗಿಯೇ ಮೃದು. 100 ಚದರ ಮೀಟರ್ ಶೀಟಿನ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ದಿನಕ್ಕೆ 10 ಲೀಟರ್ ಬೇಡುವ ಹತ್ತು ಯಂತ್ರಗಳಿಗೆ ಅದು ಹತ್ತು ದಿನದ ಭರ್ತಿ. ಮೊದಲ ಮಳೆಯ ಧೂಳಿನ ನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಸೋಸಿ ಸಂಗ್ರಹಿಸಬೇಕು.

ಇತರ ಶತ್ರುಗಳು

ನೀರಿನ ನಂತರದ ಶತ್ರು ಬ್ಯಾಕ್ಟೀರಿಯಾ. ಕೂಲಂಟಿನ ಪಿಎಚ್ ಸಾಮಾನ್ಯವಾಗಿ 8.5ರಿಂದ 9.5ರ ನಡುವೆ ಇರುತ್ತದೆ. ಬ್ಯಾಕ್ಟೀರಿಯಾ ಎಮಲ್ಸಿಫೈಯರ್ ಮತ್ತು ಎಣ್ಣೆಯನ್ನು ತಿಂದು ಆಮ್ಲವನ್ನು ಬಿಡುವುದರಿಂದ ಪಿಎಚ್ ಇಳಿಯುತ್ತದೆ, ಪೊರೆ ದುರ್ಬಲವಾಗುತ್ತದೆ. ವಾರದ ರಜೆಯ ಮರುದಿನ ಯಂತ್ರ ಚಾಲೂ ಮಾಡಿದೊಡನೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಇದೇ ಕಾರಣ. ದ್ರವ ನಿಂತಾಗ ಗಾಳಿ ಆಡದೆ, ಆಮ್ಲಜನಕ ಬೇಡದ ಜಾತಿಯ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಇಂಥ ದ್ರವದಲ್ಲಿ ದಿನವಿಡೀ ಕೈ ಅದ್ದುವ ಕಾರ್ಮಿಕನ ಚರ್ಮಕ್ಕೂ ಹಾನಿಯುಂಟು ಎಂಬುದನ್ನು ಮರೆಯಬಾರದು.

ಮೂರನೆಯದು ಹೊರಗಿನ ಎಣ್ಣೆ. ಯಂತ್ರದ ಹೈಡ್ರಾಲಿಕ್ ಭಾಗಗಳಿಂದ, ಜಾರುಪಟ್ಟಿಗಳಿಂದ ಸೋರುವ ಎಣ್ಣೆ ತೊಟ್ಟಿಯ ಮೇಲೆ ಹರಡಿ ಗಾಳಿಯನ್ನು ತಡೆಯುತ್ತದೆ, ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ, ಎಮಲ್ಸಿಫೈಯರನ್ನೂ ತನ್ನೆಡೆಗೆ ಸೆಳೆಯುತ್ತದೆ. ಲೋಹದ ಸೂಕ್ಷ್ಮ ಪುಡಿಯೂ ಹೀಗೆಯೇ ಎಮಲ್ಸಿಫೈಯರನ್ನು ಕಸಿದುಕೊಳ್ಳುತ್ತದೆ. ಇವೆರಡನ್ನೂ ದಿನವೂ ತೆಗೆಯಬೇಕು.

ನಾಲ್ಕನೆಯದು ಬೆರೆಸುವ ಕ್ರಮದ ತಪ್ಪು. ನೀರಿಗೆ ಎಣ್ಣೆಯನ್ನು ಸುರಿದು ಕಲಕಬೇಕು. ಎಣ್ಣೆಗೆ ನೀರನ್ನು ಸುರಿಯಬಾರದು. ಎಣ್ಣೆಯೇ ಹೆಚ್ಚಿದ್ದಾಗ ನೀರು ಬಿದ್ದರೆ ಮೊದಲು ಹುಟ್ಟುವುದು ಎಣ್ಣೆಯಲ್ಲಿ ನೀರಿನ ಎಮಲ್ಷನ್. ಅದು ಮಂದವಾಗಿ, ಗಂಟುಗಂಟಾಗಿ ಉಳಿದು, ಮುಂದೆ ಎಷ್ಟು ನೀರು ಹಾಕಿದರೂ ಸರಿಯಾಗಿ ಹರಡುವುದಿಲ್ಲ.

ಗಾಜಿನ ಬಾಟಲಿಯ ಪರೀಕ್ಷೆ

ಪ್ರಯೋಗಾಲಯವಿಲ್ಲದ ಉದ್ದಿಮೆಗೂ ಒಂದು ಪರೀಕ್ಷೆ ಸಾಧ್ಯ. ಪಾರದರ್ಶಕ ಬಾಟಲಿಯಲ್ಲಿ ತೊಟ್ಟಿಯ ದ್ರವವನ್ನು ತುಂಬಿ, ದಿನಾಂಕದ ಚೀಟಿ ಅಂಟಿಸಿ, 24 ತಾಸು ಅಲುಗಿಸದೆ ಇಡಬೇಕು. ಮೇಲೆ ತೆಳುವಾದ ಬಿಳಿ ಕೆನೆಯಷ್ಟೇ ಇದ್ದು, ಬಾಟಲಿಯನ್ನು ಮೆಲ್ಲಗೆ ತಿರುವಿದಾಗ ಅದು ಬೆರೆತರೆ ಚಿಂತೆಯಿಲ್ಲ. ಮೇಲೆ ತಿಳಿ ಎಣ್ಣೆ ನಿಂತರೆ ಅದು ಸೋರಿದ ಎಣ್ಣೆಯೋ ಒಡೆದ ಕೂಲಂಟೋ ಎಂದು ನೋಡಬೇಕು. ಕೆಳಗಿನ ದ್ರವ ಇನ್ನೂ ಗಟ್ಟಿ ಬಿಳಿಯಾಗಿದ್ದರೆ ಸೋರಿದ ಎಣ್ಣೆಯಾಗಿರುವ ಸಂಭವ ಹೆಚ್ಚು; ಕೆಳಗೆ ಮಬ್ಬು ನೀರಷ್ಟೇ ಉಳಿದಿದ್ದರೆ ಎಮಲ್ಷನ್ ಒಡೆದಿದೆ ಎಂದರ್ಥ. ಇದರೊಡನೆ ಸಾಂದ್ರತೆಯನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಮತ್ತು ಪಿಎಚ್ ಕಾಗದ ಇದ್ದರೆ ವಾರದ ತಪಾಸಣೆಗೆ ಸಾಕು.

ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ಬರುವ ರೈತರಿಗೂ ಈ ಮಾತು ಅನ್ವಯಿಸುತ್ತದೆ. ನೀರಿನಲ್ಲಿ ಬೆರೆಸಿದೊಡನೆ ಹಾಲಾಗುವ ಕೀಟನಾಶಕಗಳೂ ಎಮಲ್ಷನ್‌ಗಳೇ. ಇವುಗಳ ಪ್ರಮಾಣಿತ ಪರೀಕ್ಷೆಯನ್ನು 342 ಪಿಪಿಎಂ ಗಡಸುತನದ ನೀರಿನಲ್ಲಿಯೇ ನಡೆಸುತ್ತಾರೆ. ಹೊಲದ ಬೋರ್‌ವೆಲ್ ನೀರು ಅದಕ್ಕಿಂತ ಗಡಸಾಗಿದ್ದರೆ ಸಿಂಪರಣೆಯ ಡಬ್ಬಿಯಲ್ಲಿ ಔಷಧ ಬೇರ್ಪಟ್ಟು ಒಂದು ಸಾಲಿಗೆ ಹೆಚ್ಚು, ಇನ್ನೊಂದು ಸಾಲಿಗೆ ಕಡಿಮೆ ಬೀಳಬಹುದು. ಮಾಲನ್ನು ಕಳಪೆ ಎನ್ನುವ ಮುನ್ನ ನೀರನ್ನು ಪರೀಕ್ಷಿಸುವುದು ಮಾರಾಟಗಾರನಿಗೂ ರೈತನಿಗೂ ಹಿತ.

ಒಡೆಯುವುದೇ ಬೇಕಾದಾಗ

ಎಲ್ಲ ಒಡೆತವೂ ಕೇಡಲ್ಲ. ಮನೆಯಲ್ಲಿ ಹಾಲು ಒಡೆಯಿತು ಎನ್ನುವಾಗ ಗಡ್ಡೆಯಾಗುವುದು ಅದರ ಪ್ರೋಟೀನು. ಕೊಬ್ಬಿನ ಎಮಲ್ಷನ್ ಒಡೆಯುವುದು ಕಡಗೋಲಿನ ಕೆಳಗೆ. ಕಡೆಯುವಾಗ ಅರೆಗಟ್ಟಿಯಾದ ಕೊಬ್ಬಿನ ಹನಿಗಳು ಡಿಕ್ಕಿ ಹೊಡೆದು, ಪೊರೆ ಹರಿದು, ಕಾಳುಕಾಳಾಗಿ ಕೂಡಿಕೊಳ್ಳುತ್ತವೆ. ನೀರಿನಲ್ಲಿ ಕೊಬ್ಬಿದ್ದುದು ಕೊಬ್ಬಿನಲ್ಲಿ ನೀರಾಗಿ ಬೆಣ್ಣೆಯಾಗುತ್ತದೆ. ಬೇಸಿಗೆಯಲ್ಲಿ ತಣ್ಣೀರು, ಚಳಿಯಲ್ಲಿ ಉಗುರುಬೆಚ್ಚನೆಯ ನೀರು ಹಾಕುವ ಹಿರಿಯರ ರೂಢಿ ಕೊಬ್ಬನ್ನು ಆ ಅರೆಗಟ್ಟಿ ಸ್ಥಿತಿಯಲ್ಲಿ ಇಡುವ ಉಪಾಯವೇ. ಕೊಬ್ಬು ಪೂರ್ತಿ ಕರಗಿದರೂ ಬೆಣ್ಣೆ ಬಾರದು, ಪೂರ್ತಿ ಗಟ್ಟಿಯಾದರೂ ಬಾರದು.

ರಸ್ತೆ ಗುತ್ತಿಗೆದಾರರು ಬಳಸುವ ಡಾಂಬರಿನ ಎಮಲ್ಷನ್ ಕೂಡ ಒಡೆಯಲೆಂದೇ ತಯಾರಾದುದು. ಐಎಸ್ 8887 ಮಾನದಂಡದಲ್ಲಿ ಬೇಗ ಒಡೆಯುವ, ಮಧ್ಯಮ ಹಾಗೂ ನಿಧಾನವಾಗಿ ಒಡೆಯುವ ದರ್ಜೆಗಳಿವೆ. ಧನ ವಿದ್ಯುದಂಶದ ಹನಿಗಳು ಜಲ್ಲಿಯ ಮೇಲ್ಮೈಗೆ ಅಂಟಿ ಒಡೆದಾಗ ಕಂದು ಬಣ್ಣ ಕಪ್ಪಾಗುತ್ತದೆ. ಡ್ರಮ್ಮಿನಲ್ಲಿಯೇ ಒಡೆದರೆ ನಷ್ಟ, ರಸ್ತೆಯಲ್ಲಿ ಒಡೆಯದಿದ್ದರೂ ನಷ್ಟ. ಆದುದರಿಂದ ದಾಸ್ತಾನಿನ ಡ್ರಮ್ಮುಗಳನ್ನು ಆಗಾಗ ಉರುಳಿಸುತ್ತಿರಬೇಕು, ಹಳೆಯದನ್ನು ಮೊದಲು ಬಳಸಬೇಕು.

ಕೆಟ್ಟ ಕೂಲಂಟಿನ ವಿಲೇವಾರಿ

ಬಳಸಿ ಕೆಟ್ಟ ಕೂಲಂಟನ್ನು ನಾಲೆಗೆ ಬಿಡುವುದು ಅಪರಾಧ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳಂತೆ ಇದು ಅಪಾಯಕಾರಿ ತ್ಯಾಜ್ಯ. ಸಾಮಾನ್ಯವಾಗಿ 90 ದಿನಗಳೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರ ಪಡೆದ ಸಂಸ್ಥೆಗೆ ಇದನ್ನು ಒಪ್ಪಿಸಿ, ದಾಖಲೆಯನ್ನು ಇಟ್ಟುಕೊಂಡು, ವಾರ್ಷಿಕ ವಿವರವನ್ನು ಜೂನ್ 30ರೊಳಗೆ ಸಲ್ಲಿಸಬೇಕು. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ಹೊರಬಿಡುವ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ, ಹಳ್ಳ-ಕೆರೆಗಳಿಗಾದರೆ 10 ಮಿಲಿಗ್ರಾಂ, ಸಾರ್ವಜನಿಕ ಒಳಚರಂಡಿಗಾದರೆ 20 ಮಿಲಿಗ್ರಾಂ ಮೀರಬಾರದು. ಶೇ. 5ರ ಕೂಲಂಟಿನ ಸಾಂದ್ರದಲ್ಲಿ ಅರ್ಧ ಮಾತ್ರ ಎಣ್ಣೆಯೆಂದುಕೊಂಡರೂ ಲೀಟರಿಗೆ 20,000 ಮಿಲಿಗ್ರಾಂಗಿಂತ ಹೆಚ್ಚಾಯಿತು. ಒಳಚರಂಡಿಯ ಮಿತಿಯ ಸಾವಿರ ಪಟ್ಟು. ನೀರು ಬೆರೆಸಿ ತೆಳುಗೊಳಿಸುವುದು ಸಂಸ್ಕರಣೆಯಲ್ಲ.

ಸಂಸ್ಕರಣೆಯೆಂದರೆ ಉಳಿದ ಎಮಲ್ಷನ್ನನ್ನು ಬೇಕೆಂದೇ ಒಡೆಯುವುದು. ಆಮ್ಲ ಹಾಕಿ ಪೊರೆಯನ್ನು ಕೆಡಿಸುವುದು, ಆಲಂ ಅಥವಾ ಕಬ್ಬಿಣದ ಲವಣಗಳಿಂದ ಹನಿಗಳ ವಿದ್ಯುದಂಶವನ್ನು ತಣಿಸುವುದು, ಕಾಯಿಸುವುದು, ಸೂಕ್ಷ್ಮ ಗಾಳಿಗುಳ್ಳೆಗಳಿಂದ ಎಣ್ಣೆಯನ್ನು ಮೇಲೆತ್ತುವುದು ಇದರ ರೂಢಿಯ ವಿಧಾನಗಳು. ತೊಟ್ಟಿಯಲ್ಲಿ ಶತ್ರುವಾಗಿದ್ದ ಲವಣ ಮತ್ತು ಆಮ್ಲಗಳೇ ಇಲ್ಲಿ ಮಿತ್ರರಾಗುತ್ತವೆ.

ಲೆಕ್ಕಪತ್ರದಲ್ಲಿ

ತಲಾ 200 ಲೀಟರ್ ತೊಟ್ಟಿಯ ಹತ್ತು ಯಂತ್ರಗಳಿರುವ ಒಂದು ಘಟಕವನ್ನು ಕಲ್ಪಿಸಿಕೊಳ್ಳಬಹುದು. ಪ್ರತಿ ಭರ್ತಿಗೆ ಯಂತ್ರವೊಂದಕ್ಕೆ 10 ಲೀಟರ್ ಸಾಂದ್ರ ಎಣ್ಣೆ ಬೇಕು. ಕೂಲಂಟ್ ಪ್ರತಿ ತಿಂಗಳೂ ಕೆಟ್ಟರೆ ವರ್ಷಕ್ಕೆ 1,200 ಲೀಟರ್ ಸಾಂದ್ರ ಎಣ್ಣೆ ಬೇಕು, 24,000 ಲೀಟರ್ ತ್ಯಾಜ್ಯ ಹೊರಬರುತ್ತದೆ. ನಾಲ್ಕು ತಿಂಗಳು ಬಾಳಿದರೆ 300 ಲೀಟರ್ ಎಣ್ಣೆ, 6,000 ಲೀಟರ್ ತ್ಯಾಜ್ಯ. ಲೆಕ್ಕದ ಅನುಕೂಲಕ್ಕೆ ಲೀಟರಿಗೆ 200 ರೂಪಾಯಿ ಎಂದು ಹಿಡಿದರೂ ಎಣ್ಣೆಯೊಂದರಲ್ಲಿಯೇ ಉಳಿತಾಯ 1,80,000 ರೂಪಾಯಿ. 18,000 ಲೀಟರ್ ತ್ಯಾಜ್ಯದ ಸಾಗಾಟ ಮತ್ತು ಸಂಸ್ಕರಣೆಯ ವೆಚ್ಚ, ಯಂತ್ರ ನಿಲ್ಲಿಸಿ ತೊಟ್ಟಿ ತೊಳೆಯುವ ಸಮಯ, ತುಕ್ಕು ಹಿಡಿದು ತಿರಸ್ಕೃತವಾದ ಮಾಲು ಇದಕ್ಕೆ ಸೇರಿಲ್ಲ.

ಆದುದರಿಂದ ಕೂಲಂಟಿಗೆ ಪ್ರತ್ಯೇಕ ಖಾತೆ ತೆರೆದು, ಯಂತ್ರವಾರು ಭರ್ತಿ, ಬದಲಾವಣೆಯ ದಿನಾಂಕ ಮತ್ತು ಕಾರಣವನ್ನು ಬರೆದಿಡುವುದು ಅವಶ್ಯ. ಉಗ್ರಾಣದಲ್ಲಿರುವ ಸಾಂದ್ರ ಎಣ್ಣೆಗೂ ಬಾಳಿಕೆಯ ಅವಧಿಯುಂಟು. ಡ್ರಮ್ಮಿನಲ್ಲಿಯೇ ಪದರಗಟ್ಟಿ ಬಳಕೆಗೆ ಬಾರದ ಎಣ್ಣೆಯನ್ನು ವರ್ಷಾಂತ್ಯದ ದಾಸ್ತಾನಿನಲ್ಲಿ ಖರೀದಿಯ ಬೆಲೆಗೆ ತೋರಿಸುವುದು ಲೆಕ್ಕಪತ್ರ ಮಾನದಂಡ 2ಕ್ಕೆ ಹೊಂದದು. ಅದನ್ನು ರದ್ದುಪಡಿಸಿ ಬರೆದಾಗ ಜಿಎಸ್‌ಟಿ ಕಾಯ್ದೆಯ ಕಲಂ 17(5)ರಂತೆ, ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಯಂತ್ರದಲ್ಲಿ ಬಳಸಿ ಸವೆದ ಕೂಲಂಟಿನ ಮಾತು ಬೇರೆ. ಅದು ಉತ್ಪಾದನೆಯಲ್ಲಿ ಬಳಕೆಯಾದ ಸಾಮಗ್ರಿ. ಇವೆರಡನ್ನೂ ಬೇರ್ಪಡಿಸಿ ತೋರಿಸಬಲ್ಲ ದಾಖಲೆ ಇರುವವನಿಗೆ ತಪಾಸಣೆಯ ದಿನ ಆತಂಕವಿರುವುದಿಲ್ಲ.

ಎಮಲ್ಷನ್ ಒಂದು ದಿನ ಒಡೆಯುವುದು ಪ್ರಕೃತಿಯ ನಿಯಮ. ಆ ದಿನ ಯಾವುದು ಎಂಬುದು ಮಾತ್ರ ಬಹುಮಟ್ಟಿಗೆ ಉದ್ದಿಮೆದಾರನ ಕೈಯಲ್ಲಿದೆ. ಮೃದುವಾದ ನೀರು, ಸರಿಯಾದ ಬೆರಕೆಯ ಕ್ರಮ, ದಿನದ ಸ್ವಚ್ಛತೆ ಮತ್ತು ಕಿಟಕಿಯ ಮೇಲಿನ ಒಂದು ಗಾಜಿನ ಬಾಟಲಿ: ಇವಿಷ್ಟಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಪೈಪೋಟಿಯ ದಿನಗಳಲ್ಲಿ ಲಾಭದ ಅಂಚು ಕಿರಿದಾಗುತ್ತಿರುವ ಸಣ್ಣ ಉದ್ದಿಮೆಗಳು ತಮ್ಮ ತೊಟ್ಟಿಯತ್ತ ವಾರಕ್ಕೊಮ್ಮೆಯಾದರೂ ಕಣ್ಣು ಹಾಯಿಸುವುದು ಉಚಿತ.